ತೂಗುಗುಂಡು, ಸೈಕಲ್ ಕಡ್ಡಿ, ಟಿಲ್ಟ್: ಮನೆಯಲ್ಲಿ ಕಟ್ಟಿದ ಪಿನ್‌ಬಾಲ್ ಕ್ಯಾಬಿನೆಟ್

ಪಿನ್‌ಬಾಲ್ ಯಂತ್ರದ ಮುಂದೆ ನಿಂತವರು ಬಟನ್ ಒತ್ತಿ ಸುಮ್ಮನಿರುವುದಿಲ್ಲ, ಯಂತ್ರವನ್ನೇ ತಳ್ಳುತ್ತಾರೆ. ಇಳಿಜಾರು ಹಲಗೆಯ ಮೇಲೆ ಉರುಳುವ ಚೆಂಡು ಎರಡು ಫ್ಲಿಪ್ಪರ್‌ಗಳ (ಬಟನ್ ಒತ್ತಿದರೆ ಎದ್ದು ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ದಾಂಡುಗಳ) ನಡುವಿನ ಸಂದಿಗೆ ನೇರವಾಗಿ ಇಳಿದು ಬರುತ್ತಿರುವಾಗ ಅಂಗೈಯ ಬುಡದಿಂದ ಪೆಟ್ಟಿಗೆಯ ಪಕ್ಕಕ್ಕೆ ಒಂದು ಏಟು ಕೊಟ್ಟರೆ, ಅದರ ದಾರಿ ಬೆರಳಗಲದಷ್ಟು ಬದಲಾಗಿ ಚೆಂಡು ಫ್ಲಿಪ್ಪರಿನ ತುದಿಗೆ ಸಿಗುತ್ತದೆ. ತಳ್ಳಿದ್ದು ಅತಿಯಾಯಿತೋ, ಯಂತ್ರ ‘ಟಿಲ್ಟ್’ ಎಂದು ತೋರಿಸಿ ಫ್ಲಿಪ್ಪರ್‌ಗಳನ್ನು ನಿಷ್ಕ್ರಿಯಗೊಳಿಸುತ್ತದೆ. ಆ ಚೆಂಡು ಕೈಬಿಟ್ಟುಹೋಗುವುದನ್ನು ನಿಂತು ನೋಡಬೇಕಾಗುತ್ತದೆ. ಕಳೆದ ವರ್ಷ ಮೈಸೂರಿನ ನಮ್ಮ ಮನೆಯಲ್ಲಿ ಆರ್ಕೇಡ್ ಕ್ಯಾಬಿನೆಟ್ ಒಂದನ್ನು, ಅಂದರೆ ಟಿವಿಯ ಪರದೆಯೇ ಆಟದ ಹಲಗೆಯಾಗಿರುವ ಪಿನ್‌ಬಾಲ್ ಪೆಟ್ಟಿಗೆಯೊಂದನ್ನು, ಕಟ್ಟಲು ಹೊರಟಾಗ ನಾನು ಹಾಕಿಕೊಂಡ ಷರತ್ತು ಒಂದೇ ಆಗಿತ್ತು: ಅದನ್ನು ತಳ್ಳಲು ಬರಬೇಕು, ಮತ್ತು ಅತಿಯಾಗಿ ತಳ್ಳಿದಾಗ ಅದು ನ್ಯಾಯವಾಗಿ ಶಿಕ್ಷಿಸಬೇಕು. ಮರ, ಟಿವಿ, ಕಂಪ್ಯೂಟರ್, ವೈರಿಂಗ್ ಎಲ್ಲವೂ ಸೇರಿ ಎರಡು ತಿಂಗಳಲ್ಲಿ ಮುಗಿದವು. ‘ನ್ಯಾಯವಾಗಿ’ ಎಂಬ ಆ ಒಂದು ಪದಕ್ಕೆ ಐದು ತಿಂಗಳು ಹಿಡಿಯಿತು. ಈ ಬರಹದ ಬಹುಪಾಲು ಆ ಐದು ತಿಂಗಳಿಗೆ ಸೇರಿದ್ದು.

ಪಿನ್‌ಬಾಲ್ ನಮ್ಮ ಕಡೆ ಹೆಚ್ಚು ಕಂಡ ಆಟವಲ್ಲವಾದರೂ ಅದರ ಮೂಲರೂಪ ನಮಗೆ ಅಪರಿಚಿತವಲ್ಲ. ನನ್ನ ವಯಸ್ಸಿನ ಅನೇಕರ ಮನೆಗಳಲ್ಲಿ ಬ್ಯಾಗಟೆಲ್ ಬೋರ್ಡ್ ಇತ್ತು: ಹಲಗೆಯ ಮೇಲೆ ಸಾಲಾಗಿ ಹೊಡೆದ ಮೊಳೆಗಳು, ಬಲಗಡೆ ಎಳೆದು ಬಿಡುವ ಸ್ಪ್ರಿಂಗಿನ ಕಡ್ಡಿ, ಹೊಳೆಯುವ ಪುಟ್ಟ ಉಕ್ಕಿನ ಚೆಂಡುಗಳು, ನಡುವೆ ಸಾವಿರ ಅಂಕದ ಗೂಡು. ದಸರಾ ರಜೆಯಲ್ಲಿ ಅಣ್ಣನೂ ನಾನೂ ಆಡಲು ಕುಳಿತಾಗ, ಸಾವಿರದ ಗೂಡಿನ ಬಾಯಲ್ಲಿ ಚೆಂಡು ತಡವರಿಸಿದೊಡನೆ ಅಣ್ಣ ಹಲಗೆಯ ಮೂಲೆಯನ್ನು ಹೆಬ್ಬೆರಳಿನಿಂದ ಎಷ್ಟೋ ಅಷ್ಟು ಎತ್ತುತ್ತಿದ್ದ. ‘ಎತ್ತಿದೆ’ ಎಂದು ನಾನು, ‘ಎತ್ತಲೇ ಇಲ್ಲ’ ಎಂದು ಅವನು. ಅಮ್ಮ ಬಂದು ಬೋರ್ಡನ್ನು ಅಟ್ಟಕ್ಕೆ ಸೇರಿಸುವವರೆಗೂ ಈ ಜಗಳ ನಡೆಯುತ್ತಿತ್ತು. ಆ ಸ್ಪ್ರಿಂಗಿನ ಕಡ್ಡಿಗೆ ಅಮೆರಿಕದ ಸಿನ್ಸಿನಾಟಿಯಲ್ಲಿದ್ದ ಮಾಂಟೆಗ್ಯೂ ರೆಡ್‌ಗ್ರೇವ್ 1871ರಲ್ಲೇ ಪೇಟೆಂಟ್ ಪಡೆದಿದ್ದ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಮುಂದೆ ವಿಂಡೋಸ್ ಎಕ್ಸ್‌ಪಿ ಬಂದಾಗ ಅದರೊಳಗೆ ‘ಸ್ಪೇಸ್ ಕೆಡೆಟ್’ ಎಂಬ ಪಿನ್‌ಬಾಲ್ ಇತ್ತು. ಸೈಬರ್ ಕೆಫೆಯಲ್ಲೋ ಕಚೇರಿಯ ಊಟದ ವಿರಾಮದಲ್ಲೋ ಅದನ್ನು ಆಡದವರು ನನ್ನ ತಲೆಮಾರಿನಲ್ಲಿ ವಿರಳ. ಝಡ್ ಮತ್ತು ಓರೆಗೀಟಿನ ಕೀಲಿಗಳು ಫ್ಲಿಪ್ಪರ್‌ಗಳಿಗೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಎಕ್ಸ್ ಒತ್ತಿದರೆ, ಚುಕ್ಕಿಯ ಕೀಲಿ ಒತ್ತಿದರೆ ಮೇಜು ಅಕ್ಕಪಕ್ಕಕ್ಕೆ ಅಲುಗುತ್ತದೆ ಎಂಬುದು ಕೆಲವರಿಗಷ್ಟೇ ಗೊತ್ತಿತ್ತು. ನಾನು ಆ ಕೆಲವರಲ್ಲಿ ಒಬ್ಬನಾಗಿದ್ದೆ. ಬೆರಳ ತುದಿಯಿಂದ ಮೇಜನ್ನು ಅಲುಗಿಸುವಾಗ ಇಡೀ ತೋಳು ಏನನ್ನೋ ಬಯಸಿ ಸುಮ್ಮನಾಗುತ್ತಿದ್ದುದು ನನಗೆ ಇಂದಿಗೂ ನೆನಪಿದೆ.

ಈ ತಳ್ಳುವಿಕೆಯನ್ನು ಆಟಗಾರರ ತುಂಟತನವೆಂದು ತಿಳಿಯುವುದು ತಪ್ಪು ಎಂದು ನಾನು ಭಾವಿಸುತ್ತೇನೆ. ಡೇವಿಡ್ ಗಾಟ್ಲೀಬ್ 1931ರಲ್ಲಿ ‘ಬ್ಯಾಫಲ್ ಬಾಲ್’ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಫ್ಲಿಪ್ಪರ್‌ಗಳೇ ಇರಲಿಲ್ಲ. ಹ್ಯಾರಿ ಮ್ಯಾಬ್ಸ್ ರೂಪಿಸಿದ ‘ಹಂಪ್ಟಿ ಡಂಪ್ಟಿ’ಯೊಡನೆ ಫ್ಲಿಪ್ಪರ್ ಬಂದದ್ದು 1947ರಲ್ಲಿ. ಅಂದರೆ ಅಷ್ಟೂ ವರ್ಷ ಒಮ್ಮೆ ಚೆಂಡನ್ನು ಚಿಮ್ಮಿಸಿದ ಮೇಲೆ ಆಟಗಾರನ ಕೈಯಲ್ಲಿ ಉಳಿಯುತ್ತಿದ್ದ ಒಂದೇ ವಿದ್ಯೆಯೆಂದರೆ ಪೆಟ್ಟಿಗೆಯನ್ನು ಹದವರಿತು ತಳ್ಳುವುದು. ಆ ವಿದ್ಯೆ ಅತಿರೇಕಕ್ಕೆ ಹೋಗಿ ಜನ ಯಂತ್ರವನ್ನು ಎತ್ತಿ ಕುಕ್ಕತೊಡಗಿದಾಗ, ಹ್ಯಾರಿ ವಿಲಿಯಮ್ಸ್ ಎಂಬ ವಿನ್ಯಾಸಕಾರ ಮೊದಲು ಪುಟ್ಟ ಪೀಠದ ಮೇಲೆ ಒಂದು ಚೆಂಡನ್ನು ನಿಲ್ಲಿಸಿ, ಯಂತ್ರ ಜೋರಾಗಿ ಅಲುಗಿದರೆ ಅದು ಕೆಳಗೆ ಬಿದ್ದು ಆಟ ನಿಲ್ಲುವಂತೆ ಮಾಡಿದರು. ಆಮೇಲೆ ಉಂಗುರದ ನಡುವೆ ತೂಗಾಡುವ ಲೋಲಕವನ್ನು ತಂದರು. ಹಾಗಾಗಿ ಟಿಲ್ಟ್ ಫ್ಲಿಪ್ಪರಿಗಿಂತ ಹಳೆಯದು. ನ್ಯೂಯಾರ್ಕ್ ನಗರವು ಪಿನ್‌ಬಾಲನ್ನು ಜೂಜೆಂದು ಪರಿಗಣಿಸಿ 1942ರಲ್ಲಿ ನಿಷೇಧಿಸಿ, 1976ರಲ್ಲಿ ರೋಜರ್ ಶಾರ್ಪ್ ನಗರ ಮಂಡಳಿಯ ಎದುರು ಆಡಿ ಇದು ಕೌಶಲದ ಆಟವೆಂದು ತೋರಿಸಿದ ಮೇಲೆ ನಿಷೇಧ ತೆರವು ಮಾಡಿದ ಕಥೆಯೂ ಈ ಪ್ರಶ್ನೆಗೇ ಬಂದು ನಿಲ್ಲುತ್ತದೆ: ಚೆಂಡಿನ ಮೇಲೆ ಮನುಷ್ಯನ ಹಿಡಿತ ಎಷ್ಟು? ಆ ಹಿಡಿತದ ಅರ್ಧಭಾಗ ತಳ್ಳುವಿಕೆಯಲ್ಲಿದೆ. ಆದ್ದರಿಂದ ತಳ್ಳಲಾಗದ ಕ್ಯಾಬಿನೆಟ್ಟನ್ನು ಕಟ್ಟುವ ಶ್ರಮವೇ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಮರಗೆಲಸದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಎಂಟಡಿಗೆ ನಾಲ್ಕಡಿಯ, 18 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆಗಳು ಎರಡು ಬೇಕಾದವು. ಬಡಗಿಯ ಬಳಿ ಅಳತೆಗೆ ಕತ್ತರಿಸಿಕೊಂಡು ಬಂದು, ಜೋಡಣೆಯನ್ನು ನಾನೇ ಮಾಡಿದೆ. ಮೇಲೆ ಮಲಗಿಸಿದ್ದು 43 ಇಂಚಿನ ಟಿವಿ. ನಿಜವಾದ ಯಂತ್ರಗಳ ಆಟದ ಹಲಗೆ ಸಾಮಾನ್ಯವಾಗಿ 42 ಇಂಚು ಉದ್ದ, ಇಪ್ಪತ್ತೂಕಾಲು ಇಂಚು ಅಗಲ ಇರುತ್ತದೆ. ಈ ಟಿವಿಯ ಪರದೆ ಅಗಲದಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದು, ಉದ್ದದಲ್ಲಿ ನಾಲ್ಕೂವರೆ ಇಂಚು ಕಡಿಮೆ. ಒಳಗೆ ಒಂದು ಹಳೆಯ ಕಂಪ್ಯೂಟರ್, ಅದರಲ್ಲಿ ‘ವಿಷುವಲ್ ಪಿನ್‌ಬಾಲ್’. ಪಿನ್‌ಬಾಲ್ ಮೇಜುಗಳನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸುವ ಈ ತಂತ್ರಾಂಶವನ್ನು ರ‍್ಯಾಂಡಿ ಡೇವಿಸ್ 2000ನೇ ಇಸವಿಯಲ್ಲಿ ಹೊರತಂದರು. ಅದು ಸೆನ್ಸರ್‌ನಿಂದ ಬರುವ ಅಲುಗಾಟವನ್ನು ಜಾಯ್‌ಸ್ಟಿಕ್‌ನ ಚಲನೆಯಂತೆ ಸ್ವೀಕರಿಸುತ್ತದೆ. ಸೆನ್ಸರ್ ಮತ್ತು ಬಟನ್‌ಗಳನ್ನು ಕಂಪ್ಯೂಟರಿಗೆ ಜೋಡಿಸುವ ಆರ್ಡುಯಿನೋ ಲಿಯೊನಾರ್ಡೋ ಬೋರ್ಡನ್ನೂ ಬಟನ್‌ಗಳನ್ನೂ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದೆ.

ತೂಕದ ಬಗ್ಗೆ ಮಾತ್ರ ಒಂದು ಮಾತು ಹೇಳಲೇಬೇಕು, ಏಕೆಂದರೆ ಹೊಸದಾಗಿ ಕಟ್ಟುವವರು ಇದನ್ನು ಮರೆಯುತ್ತಾರೆ. ನಿಜವಾದ ಪಿನ್‌ಬಾಲ್ ಯಂತ್ರ ನೂರು ಕೆ.ಜಿ.ಗೂ ಹೆಚ್ಚು ತೂಗುತ್ತದೆ. ನನ್ನ ಪೆಟ್ಟಿಗೆ ಅದರ ಅರ್ಧವೂ ಇರಲಿಲ್ಲ. ಮೊದಲ ಸಲ ತಳ್ಳಿದಾಗ ಅದು ನಯವಾದ ಟೈಲ್ಸ್ ಮೇಲೆ ಜಾರಿ ಗೋಡೆಗೆ ತಾಗಿತು. ಹೀಗೆ ಜಾರಿದರೆ ಆಟವಾಡಲಾಗದು. ನಿಜವಾದ ಯಂತ್ರವನ್ನು ತಳ್ಳಿದಾಗ ಅದರ ಪಾದಗಳು ನಿಂತಲ್ಲೇ ನಿಂತು, ಕಬ್ಬಿಣದ ಕಾಲುಗಳು ಕೊಂಚ ಬಾಗಿ ಮತ್ತೆ ನೆಟ್ಟಗಾಗುತ್ತವೆ. ಪೆಟ್ಟಿಗೆ ಹೋಗಿ ತನ್ನ ಜಾಗಕ್ಕೆ ಮರಳುತ್ತದೆ. ಈ ‘ಹೋಗಿ ಮರಳುವುದು’ ಮುಂದೆ ಬಹಳ ಮುಖ್ಯವಾಗುತ್ತದೆ. ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ಕಬ್ಬಿಣದ ಆಂಗಲ್‌ನಿಂದ ನಾಲ್ಕು ಕಾಲು ಮಾಡಿಸಿ, ಪ್ರತಿಯೊಂದರ ತುದಿಗೂ ಎತ್ತರ ಹೊಂದಿಸಲು 12 ಮಿ.ಮೀ. ಬೋಲ್ಟ್ ಹಾಕಿಸಿ, ಅವುಗಳಿಗೆ ರಬ್ಬರ್ ಬುಶ್ ತೊಡಿಸಿದೆ. ಪೆಟ್ಟಿಗೆಯ ತಳದಲ್ಲಿ ಎರಡು ಕಡಪ ಕಲ್ಲಿನ ಚಪ್ಪಡಿಗಳನ್ನು ಅಲುಗದಂತೆ ಬಿಗಿದು ಕೂರಿಸಿದೆ. ಎರಡಡಿಗೆ ಒಂದೂವರೆ ಅಡಿಯ, ಒಂದಿಂಚು ದಪ್ಪದ ಒಂದೊಂದು ಚಪ್ಪಡಿಯೂ ಹದಿನೆಂಟು ಹತ್ತೊಂಬತ್ತು ಕೆ.ಜಿ. ತೂಗುತ್ತದೆ. ಅಡುಗೆಮನೆಯ ಕಟ್ಟೆ ಒಡೆಸಿದಾಗ ಉಳಿದಿದ್ದ ಕಲ್ಲುಗಳವು.

ಇನ್ನೊಂದು ಎಚ್ಚರಿಕೆ ಟಿವಿಯ ಕುರಿತದ್ದು. ಟಿವಿಗಳು ಚಿತ್ರವನ್ನು ಚಂದಗಾಣಿಸಲು ಹೋಗಿ ಕೆಲವು ಮಿಲಿಸೆಕೆಂಡು ತಡಮಾಡುತ್ತವೆ. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಬರುವ ಚೆಂಡು 50 ಮಿಲಿಸೆಕೆಂಡಿನಲ್ಲಿ ಹತ್ತು ಸೆಂ.ಮೀ. ಕ್ರಮಿಸುತ್ತದೆ, ಫ್ಲಿಪ್ಪರಿನ ಉದ್ದವೇ ಮೂರು ಇಂಚಿನ ಆಸುಪಾಸು. ಅಂದರೆ ಅಷ್ಟು ತಡವಾದರೆ ನಾವು ಕಾಣುವ ಚೆಂಡು ನಿಜಕ್ಕೂ ಫ್ಲಿಪ್ಪರನ್ನು ದಾಟಿಹೋಗಿರುತ್ತದೆ. ಮೊಬೈಲಿನ ಸ್ಲೋ ಮೋಷನ್ ಕ್ಯಾಮೆರಾದಲ್ಲಿ ಬೆರಳನ್ನೂ ಪರದೆಯನ್ನೂ ಒಟ್ಟಿಗೆ ಚಿತ್ರಿಸಿ, ಬಟನ್ ಇಳಿದದ್ದಕ್ಕೂ ಫ್ಲಿಪ್ಪರ್ ಎದ್ದದ್ದಕ್ಕೂ ನಡುವಿನ ಫ್ರೇಮ್‌ಗಳನ್ನು ಎಣಿಸಿ ನೋಡಿದೆ. ಟಿವಿಯನ್ನು ಗೇಮ್ ಮೋಡ್‌ಗೆ ಹಾಕಿದ ಮೇಲಷ್ಟೇ ಆ ಎಣಿಕೆ ಸಹಿಸುವ ಮಟ್ಟಕ್ಕೆ ಇಳಿಯಿತು.

ಇನ್ನು ತಳ್ಳುವಿಕೆಯ ವಿಷಯ. ಪೆಟ್ಟಿಗೆಯ ಅಲುಗಾಟವನ್ನು ಅಳೆಯಲು ಎಂಪಿಯು-6050 ಎಂಬ ಸೆನ್ಸರ್ ಬಳಸಿದೆ. ಮೊಬೈಲನ್ನು ಅಡ್ಡ ಹಿಡಿದಾಗ ಚಿತ್ರವೂ ಅಡ್ಡವಾಗುವುದಕ್ಕೆ ಕಾರಣವಾಗುವ ಆ್ಯಕ್ಸಿಲರೋಮೀಟರ್‌ನದೇ ಜಾತಿ. ಗುರುತ್ವದ ಎರಡು ಪಟ್ಟಿನವರೆಗೆ ಅಳೆಯುವಂತೆ ಇಟ್ಟರೆ, ಒಂದು ‘ಜಿ’ಗೆ, ಅಂದರೆ ಗುರುತ್ವದ ಒಂದು ಪಟ್ಟಿಗೆ, 16,384 ಎಂಬ ಅಂಕೆ ಕೊಡುವಷ್ಟು ಅದು ಸೂಕ್ಷ್ಮ. ಮೊದಲು ಅದನ್ನು ಸ್ಪಂಜಿನ ಡಬಲ್ ಟೇಪಿನಿಂದ ಟಿವಿಯ ಬೆನ್ನಿಗೆ ಅಂಟಿಸಿದೆ, ಮತ್ತು ಆ ಎರಡೂ ತಪ್ಪು. ಸ್ಪಂಜು ತಾನೇ ಸ್ಪ್ರಿಂಗಿನಂತೆ ಕುಣಿಯುತ್ತಿತ್ತು, ಟಿವಿಯ ಪ್ಲಾಸ್ಟಿಕ್ ಬೆನ್ನು ಸ್ಪೀಕರಿನ ಸದ್ದಿಗೂ ನಡುಗುತ್ತಿತ್ತು. ಆಟದಲ್ಲಿ ಚೆಂಡನ್ನು ಪುಟಿಸುವ ಬಂಪರ್ ಸದ್ದಾದಾಗಲೆಲ್ಲ ಚೆಂಡು ಯಾರೂ ತಳ್ಳದೆಯೇ ನಡುಗುತ್ತಿತ್ತು. ಪೆಟ್ಟಿಗೆಯ ತಳಕ್ಕೆ, ಕಲ್ಲಿನ ಪಕ್ಕದಲ್ಲಿ, ನಾಲ್ಕು ಸ್ಕ್ರೂ ಹಾಕಿ ಬಿಗಿದ ಮೇಲೆ ಅಂಕೆಗಳು ಶಾಂತವಾದವು. ಸೆನ್ಸರಿನ ಒಳಗಿನ ಸೋಸುವಿಕೆಯನ್ನು 44 ಹರ್ಟ್ಜ್‌ಗೆ ಇಟ್ಟೆ, ಅಂದರೆ ಸೆಕೆಂಡಿಗೆ 44 ಸಲಕ್ಕಿಂತ ವೇಗದ ನಡುಕವನ್ನು ಅದು ತಗ್ಗಿಸುತ್ತದೆ. ಇನ್ನೂ ಹೆಚ್ಚು ಸೋಸಿದರೆ ನಡುಕ ಕಡಿಮೆಯಾಗುತ್ತದೆ, ಆದರೆ ಅಷ್ಟೇ ತಡವೂ ಆಗುತ್ತದೆ. 44 ಹರ್ಟ್ಜ್‌ನಲ್ಲಿ ಆಗುವ ತಡ ಐದು ಮಿಲಿಸೆಕೆಂಡಿನ ಒಳಗೆ, 5 ಹರ್ಟ್ಜ್‌ಗೆ ಇಳಿಸಿದರೆ ಅದು ಹತ್ತೊಂಬತ್ತು.

ಮೊದಲ ಸಂಜೆ ಆಡಿದಾಗ ಏನೋ ಸರಿಯಿಲ್ಲ ಎಂದು ಕೈಗೆ ತಿಳಿಯುತ್ತಿತ್ತು, ತಲೆಗೆ ತಿಳಿಯುತ್ತಿರಲಿಲ್ಲ. ಬಲಕ್ಕೆ ತಳ್ಳಿದರೆ ಚೆಂಡೂ ಬಲಕ್ಕೆ ಹೋಗುತ್ತಿತ್ತು. ಮೇಲುನೋಟಕ್ಕೆ ಅದು ಸಹಜವಾಗಿಯೇ ಕಾಣುತ್ತಿತ್ತು. ಆಮೇಲೆ ಒಂದು ಊಟದ ತಟ್ಟೆಯಲ್ಲಿ ಗೋಲಿಯಿಟ್ಟು ತಟ್ಟೆಯನ್ನು ಥಟ್ಟನೆ ಬಲಕ್ಕೆ ಸರಿಸಿ ನೋಡಿದೆ. ತಟ್ಟೆ ಬಲಕ್ಕೆ ಹೋಯಿತು, ಗೋಲಿ ಇದ್ದಲ್ಲೇ ಇತ್ತು. ತಟ್ಟೆಯ ಲೆಕ್ಕದಲ್ಲಿ ಅದು ಎಡಕ್ಕೆ ಬಂದಿತ್ತು. ಬಸ್ಸು ಹಠಾತ್ತನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುವುದೂ ಇದೇ ಕಾರಣಕ್ಕೆ. ಪ್ರೋಗ್ರಾಮಿನಲ್ಲಿ ಒಂದು ಋಣಚಿಹ್ನೆ ಸೇರಿಸಿದೊಡನೆ, ಇಪ್ಪತ್ತು ವರ್ಷಗಳ ಹಿಂದೆ ಕೀಬೋರ್ಡಿನ ಮುಂದೆ ಸುಮ್ಮನಾಗಿದ್ದ ತೋಳಿಗೆ ಕೆಲಸ ಸಿಕ್ಕಿತು. ಆ ರಾತ್ರಿ ಹನ್ನೆರಡೂವರೆಯವರೆಗೆ ಆಡಿದೆ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾಗಿತ್ತು. ಫ್ಲಿಪ್ಪರ್ ಬಟನ್ ಒತ್ತುವಾಗಲೂ ಪೆಟ್ಟಿಗೆ ಕೊಂಚ ಅಲುಗುತ್ತದೆ. ನನ್ನ ಪೆಟ್ಟಿಗೆಯಲ್ಲಿ ಅದು 0.03ರಿಂದ 0.05 ಜಿ ಇತ್ತು, ಉದ್ದೇಶಪೂರ್ವಕವಾಗಿ ಮೆಲ್ಲಗೆ ತಳ್ಳಿದರೆ 0.15, ಜೋರಾಗಿ ತಳ್ಳಿದರೆ 0.4. ಹಾಗಾಗಿ 0.07ಕ್ಕಿಂತ ಕಡಿಮೆಯಿದ್ದದ್ದನ್ನೆಲ್ಲ ಸೊನ್ನೆಯೆಂದು ತಿಳಿ ಎಂದು ಬರೆದೆ. ಅಂದಿನಿಂದ ಚೆಂಡು ಪ್ರತಿ ತಳ್ಳಿಗೂ ಒಂದೇ ಕಡೆಗೆ ಅತಿಯಾಗಿ ಓಡತೊಡಗಿತು. ಎರಡು ವಾರ ತಲೆಕೆಡಿಸಿಕೊಂಡ ಮೇಲೆ ಹೊಳೆದದ್ದು ಇದು: ಒಂದು ತಳ್ಳಿನಲ್ಲಿ ಎರಡು ಭಾಗಗಳಿರುತ್ತವೆ. ಪೆಟ್ಟಿಗೆ ಹೊರಡುವಾಗಿನ ಹೊಡೆತ ಚೂಪಾಗಿ ಚುಟುಕಾಗಿ ಇರುತ್ತದೆ. ನಿಲ್ಲುವಾಗಿನದು ವಿರುದ್ಧ ದಿಕ್ಕಿನಲ್ಲಿ, ಮೆದುವಾಗಿ, ಹೆಚ್ಚು ಹೊತ್ತು ಇರುತ್ತದೆ. ನಾನು ಎಳೆದಿದ್ದ 0.07ರ ಗೆರೆ ಮೊದಲನೆಯದನ್ನು ಒಳಗೆ ಬಿಟ್ಟು ಎರಡನೆಯದನ್ನು ಹೊರಗೇ ತಡೆಯುತ್ತಿತ್ತು. ಹೀಗಾಗಿ ತಂತ್ರಾಂಶದ ಕಣ್ಣಿಗೆ ಪೆಟ್ಟಿಗೆ ಹೊರಟದ್ದು ಕಾಣುತ್ತಿತ್ತು, ನಿಂತದ್ದು ಕಾಣುತ್ತಿರಲಿಲ್ಲ. ಗೆರೆ ದಾಟಿದ ಹೊಡೆತವೊಂದು ಬಂದೊಡನೆ ಮುಂದಿನ 300 ಮಿಲಿಸೆಕೆಂಡು ಏನು ಬಂದರೂ ಒಳಗೆ ಬಿಡು ಎಂದು ತಿದ್ದಿದೆ. ಚೆಂಡು ನೆಟ್ಟಗಾಯಿತು.

ಇಷ್ಟರವರೆಗೆ ತಳ್ಳುವುದು ಬಂತು, ಶಿಕ್ಷೆ ಬಂದಿರಲಿಲ್ಲ. ಸೆನ್ಸರ್ ಹೇಗೂ ಇದೆಯಲ್ಲ, 0.45 ಜಿ ಮೀರಿದರೆ ಟಿಲ್ಟ್ ಎಂದು ಬರೆದುಬಿಟ್ಟರಾಯಿತು ಎಂದುಕೊಂಡೆ. ಬರೆದೆ, ಅಣ್ಣನನ್ನು ಕರೆದೆ, ಹನ್ನೊಂದು ವರ್ಷದ ಮಗಳನ್ನೂ ಆಡಲು ಬಿಟ್ಟೆ. ಅಣ್ಣ ಆಡುವುದು ಚೊಕ್ಕಟವಾಗಿ: ಕಾದು, ಸರಿಯಾದ ಕ್ಷಣದಲ್ಲಿ, ಚೆಂಡು ರಬ್ಬರಿಗೆ ತಾಗುವಾಗ ಒಂದೇ ಏಟು. ಅವನಿಗೆ ಮೂರು ಚೆಂಡುಗಳಲ್ಲಿ ಎರಡು ಟಿಲ್ಟ್ ಆದವು. ಮಗಳು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತೊಟ್ಟಿಲು ತೂಗುವಂತೆ ಎಡೆಬಿಡದೆ ತೂಗಿದಳು. ಒಮ್ಮೆಯೂ ಟಿಲ್ಟ್ ಆಗಲಿಲ್ಲ, ಏಕೆಂದರೆ ಅವಳ ಯಾವ ತೂಗಾಟವೂ 0.25 ದಾಟಿರಲಿಲ್ಲ. ಕೌಶಲವಿದ್ದವನಿಗೆ ಶಿಕ್ಷೆ, ಒಂದೇಸಮ ಕುಲುಕಿದವಳಿಗೆ ಬಹುಮಾನ. ಮಗಳ ತಪ್ಪು ಇದರಲ್ಲಿ ಏನೂ ಇಲ್ಲ, ನಿಯಮ ಬರೆದವನು ನಾನು. ನಿಯಮ ಕ್ಷಣವನ್ನಷ್ಟೇ ನೋಡುತ್ತಿತ್ತು. ಹಿಂದಿನ ಕ್ಷಣದಲ್ಲಿ ಏನಾಯಿತೆಂಬ ನೆನಪು ಅದಕ್ಕಿರಲಿಲ್ಲ. ನೆನಪನ್ನೂ ಪ್ರೋಗ್ರಾಮಿನಲ್ಲಿ ಬರೆಯಬಹುದಿತ್ತು ನಿಜ. ಆದರೆ 1930ರ ದಶಕದಿಂದ ಈ ಕೆಲಸವನ್ನು ಮಾಡಿಕೊಂಡು ಬಂದಿರುವ ಲೋಲಕ ಇರುವಾಗ ಅದನ್ನೇ ಏಕೆ ಹಾಕಬಾರದು ಅನ್ನಿಸಿತು. ಈಗ ಹಿಂತಿರುಗಿ ನೋಡಿದರೆ ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಅತ್ಯುತ್ತಮ ನಿರ್ಧಾರ ಅದು.

ಲೋಲಕ ಮಾಡುವ ಕೆಲಸವನ್ನು ನಿಧಾನವಾಗಿ ಯೋಚಿಸಿ ನೋಡಬೇಕು. ಉಂಗುರ ಪೆಟ್ಟಿಗೆಗೆ ಬಿಗಿದಿರುತ್ತದೆ, ಗುಂಡು ಅದರ ನಡುವೆ ತೂಗುತ್ತಿರುತ್ತದೆ. ಎರಡೂ ಲೋಹ, ತಾಗಿದರೆ ವಿದ್ಯುತ್ ಹರಿಯುತ್ತದೆ. ಪೆಟ್ಟಿಗೆಯನ್ನು ತಟ್ಟನೆ ತಳ್ಳಿದಾಗ ಗುಂಡು ಇದ್ದಲ್ಲೇ ಇರುತ್ತದೆ, ಚಲಿಸುವುದು ಉಂಗುರ. ಪೆಟ್ಟಿಗೆ ಅಲ್ಪ ದೂರ ಹೋಗಿ ಕೂಡಲೇ ಮರಳಿದರೆ ಉಂಗುರವೂ ಮರಳುತ್ತದೆ, ಏನೂ ಆಗಿಲ್ಲವೆಂಬಂತೆ ಗುಂಡು ನಡುವೆಯೇ ಇರುತ್ತದೆ. ಅಣ್ಣನ ಏಟು ಇಂಥದು. ಅದೇ ಪೆಟ್ಟಿಗೆಯನ್ನು ಮೆಲ್ಲಗೇ ಆದರೂ ತೂಗುತ್ತಲೇ ಇದ್ದರೆ, ಗುಂಡು ಒಂದೊಂದು ತೂಗಿನಿಂದಲೂ ಸ್ವಲ್ಪ ಸ್ವಲ್ಪ ಎತ್ತಿಕೊಂಡು ತಾನೂ ತೂಗತೊಡಗುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಬೆರಳಿನಿಂದ ನೂಕುತ್ತಿದ್ದರೂ ಅದು ಮುಗಿಲಿಗೇರುತ್ತದಲ್ಲ, ಹಾಗೆ. ನನ್ನ ಲೋಲಕದ ಉದ್ದ 18 ಸೆಂ.ಮೀ., ಅದರ ಒಂದು ತೂಗಿಗೆ ಸುಮಾರು 0.85 ಸೆಕೆಂಡು ಬೇಕು. ಹೆಚ್ಚುಕಡಿಮೆ ಅದೇ ಲಯದಲ್ಲಿ ಪೆಟ್ಟಿಗೆಯನ್ನು ಕುಲುಕಿದರೆ ನಾಲ್ಕೈದು ತೂಗುಗಳಲ್ಲಿ ಗುಂಡು ಉಂಗುರವನ್ನು ಮುಟ್ಟುತ್ತದೆ. ಬ್ಯಾಟರಿ ಬೇಡ, ಪ್ರೋಗ್ರಾಮ್ ಬೇಡ. ಹದವಾದ ಏಟಿಗೂ ಒರಟು ಕುಲುಕಾಟಕ್ಕೂ ಇರುವ ವ್ಯತ್ಯಾಸವನ್ನು ಒಂದು ತೂಗುವ ಲೋಹದ ತುಂಡು ಗುರುತಿಸುತ್ತದೆ.

ಗುಂಡಿಗಾಗಿ ಹಾರ್ಡ್‌ವೇರ್ ಅಂಗಡಿಯಲ್ಲಿ ಗಾರೆ ಕೆಲಸದವರ ಹಿತ್ತಾಳೆಯ ತೂಗುಗುಂಡನ್ನೇ ಕೊಂಡೆ. ಮೇಲೆ ಅಗಲವಾಗಿದ್ದು ಕೆಳಗೆ ಚೂಪಾಗುವ ಅದರ ಆಕಾರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಗುಂಡನ್ನು ಇಳಿಸಿದರೆ ಅಗಲವಾದ ಭಾಗ ಉಂಗುರದ ಮಟ್ಟಕ್ಕೆ ಬಂದು ಸಂದು ಕಿರಿದಾಗುತ್ತದೆ, ಏರಿಸಿದರೆ ಸಂದು ಹಿಗ್ಗುತ್ತದೆ. ಆದರೆ ಗುಂಡಿನೊಡನೆ ಬಂದ ದಾರದಲ್ಲಿ ವಿದ್ಯುತ್ ಹರಿಯುವುದಿಲ್ಲವಲ್ಲ. ಅದರ ಬದಲು ಮಗಳ ಹಳೆಯ ಪುಟ್ಟ ಸೈಕಲ್ಲಿನ ಚಕ್ರದಿಂದ ಒಂದು ಸ್ಪೋಕ್ ಕಡ್ಡಿ ಬಿಚ್ಚಿದೆ. ಆ ಕಡ್ಡಿಯ ಒಂದು ತುದಿ ಬಾಗಿ ತಲೆಯುಳ್ಳದ್ದಾಗಿರುವುದರಿಂದ ಪೆಟ್ಟಿಗೆಯೊಳಗೆ ಬಿಗಿದ ಪಟ್ಟಿಯ ತೂತಿಗೆ ತಾನಾಗಿ ನೇತುಬೀಳುತ್ತದೆ. ಇನ್ನೊಂದು ತುದಿಯ ತಿರುಪು ಮತ್ತು ಅದಕ್ಕೆ ತೊಡಿಸುವ ಪುಟ್ಟ ನಟ್ಟು (ನಿಪ್ಪಲ್), ಗುಂಡಿನ ಮುಚ್ಚಳದೊಳಗೆ ದಾರದ ಗಂಟು ಇರುತ್ತಿದ್ದ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುತ್ತದೆ. ಕಡ್ಡಿಯನ್ನು ಒಂದು ಸುತ್ತು ತಿರುಗಿಸಿದರೆ ಗುಂಡು ಸುಮಾರು ಅರ್ಧ ಮಿ.ಮೀ. ಏರುತ್ತದೆ ಅಥವಾ ಇಳಿಯುತ್ತದೆ. ಆಟ ಎಷ್ಟು ಕಟ್ಟುನಿಟ್ಟಾಗಿರಬೇಕೆಂಬುದನ್ನು ಅರ್ಧ ಅರ್ಧ ಮಿ.ಮೀ. ಲೆಕ್ಕದಲ್ಲಿ ನಿರ್ಧರಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಗೊತ್ತಿಲ್ಲ. ಉಂಗುರವನ್ನು ಲೇತ್ ಅಂಗಡಿಯಲ್ಲಿ ಹಿತ್ತಾಳೆಯ ಪೈಪಿನಿಂದ ಕತ್ತರಿಸಿಕೊಟ್ಟರು. ಸುತ್ತಲೂ ಎಂಟು ಮಿ.ಮೀ. ಸಂದು ಬಿಟ್ಟು ಆರಂಭಿಸಿದೆ.

ಮೊದಲ ಪರೀಕ್ಷೆಯಲ್ಲಿ ಒಂದೇ ಒಂದು ಸಲ ಜೋರಾಗಿ ತಳ್ಳಿದ್ದಕ್ಕೆ ಎರಡು ಎಚ್ಚರಿಕೆಗಳು ಒಟ್ಟಿಗೆ ಬಂದವು. ಈಚಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಎರಡು ಎಚ್ಚರಿಕೆ ಕೊಟ್ಟು ಮೂರನೆಯದಕ್ಕೆ ಟಿಲ್ಟ್ ಮಾಡುತ್ತಾರೆ. ಒಂದೇ ಏಟಿಗೆ ಎರಡೂ ಮುಗಿದರೆ ಉಳಿಯುವುದೇನು? ಕತ್ತಲಲ್ಲಿ ಪೆಟ್ಟಿಗೆಯೊಳಗೆ ಟಾರ್ಚ್ ಹಿಡಿದು ನೋಡಿದೆ. ಗುಂಡು ಉಂಗುರದ ಬಲಭಾಗಕ್ಕೆ ತಾಗಿ, ಅರ್ಧ ತೂಗು ತೂಗಿ, ಸುಮಾರು 0.4 ಸೆಕೆಂಡಿನ ಮೇಲೆ ಎಡಭಾಗಕ್ಕೂ ತಾಗುತ್ತಿತ್ತು. ಒಮ್ಮೆ ತಾಗಿದ ಮೇಲೆ ಒಂದು ಸೆಕೆಂಡಿನವರೆಗೆ ಬೇರೆ ತಾಗುವಿಕೆಯನ್ನು ಎಣಿಸಬೇಡ ಎಂದು ಬರೆದದ್ದರಿಂದ ಅದು ಬಗೆಹರಿಯಿತು.

ಬಗೆಹರಿಯದೆ ಉಳಿದದ್ದು ಇನ್ನೊಂದು. ಒಬ್ಬರು ಟಿಲ್ಟ್ ಮಾಡಿ ಚೆಂಡು ಕಳೆದುಕೊಂಡ ಮೇಲೂ ಗುಂಡು ಅರ್ಧ ನಿಮಿಷ ತೂಗುತ್ತಲೇ ಇರುತ್ತಿತ್ತು. ಮುಂದಿನ ಸರದಿಯವರು ಚೆಂಡು ಚಿಮ್ಮಿಸಿ ಮೃದುವಾಗಿ ಒಮ್ಮೆ ತಟ್ಟಿದರೂ ಸಾಕು, ಅವರ ಪಾಲಿಗೆ ಎಚ್ಚರಿಕೆ ಬರುತ್ತಿತ್ತು. ಅಪ್ಪ ಮಾಡಿದ ಸಾಲ ಮಗ ತೀರಿಸಿದಂತೆ ಒಬ್ಬರ ಒರಟುತನಕ್ಕೆ ಇನ್ನೊಬ್ಬರು ದಂಡ ತೆರುವ ಈ ಅನ್ಯಾಯ ನನ್ನನ್ನು ನಿಜಕ್ಕೂ ಕಾಡಿತು. ಮನೆಯಲ್ಲಿ ಆಡುವವರೇ ನಾಲ್ಕು ಜನ. ಸರದಿಯ ಆಟದಲ್ಲಿ ಇದು ದಿನವೂ ಜಗಳಕ್ಕೆ ಕಾರಣವಾಗುತ್ತಿತ್ತು.

ಪಕ್ಕದ ನಿವೇಶನದಲ್ಲಿ ಆಗ ಮನೆ ಕಟ್ಟುತ್ತಿದ್ದರು. ಅಲ್ಲಿನ ಗಾರೆ ಮೇಸ್ತ್ರಿಯವರು ಕಾಂಪೌಂಡಿನ ಗೋಡೆಗೆ ಗುಂಡು ಇಳಿಬಿಟ್ಟು ನೋಡುತ್ತಿದ್ದುದನ್ನು ಒಂದು ಬೆಳಿಗ್ಗೆ ಗಮನಿಸಿದೆ. ಗಾಳಿ ಜೋರಾಗಿತ್ತು, ಗುಂಡು ನಿಲ್ಲುತ್ತಿರಲಿಲ್ಲ. ಅವರು ಒಂದು ಬಾಂಡ್ಲಿಯಲ್ಲಿ ನೀರು ತರಿಸಿ, ಗುಂಡಿನ ತುದಿಯನ್ನು ಅದರಲ್ಲಿ ಮುಳುಗಿಸಿದರು. ನಾಲ್ಕು ಉಸಿರಿನಷ್ಟರಲ್ಲಿ ದಾರ ನಿಶ್ಚಲವಾಯಿತು. ನಾನು ಗೋಡೆಯ ಈಚೆಯಿಂದಲೇ, ‘ಮೇಸ್ತ್ರಿ, ನೀರಿನ ಬದಲು ಬೇರೇನಾದರೂ ಆಗುತ್ತದೆಯೇ?’ ಎಂದು ಕೇಳಿದೆ. ‘ಎಣ್ಣೆ ಇನ್ನೂ ಒಳ್ಳೇದು ಸಾರ್, ಆದ್ರೆ ಎಣ್ಣೆ ಯಾರು ಕೊಡ್ತಾರೆ?’ ಎಂದರು. ಕಂಪ್ಯೂಟರ್ ಇರುವ ಪೆಟ್ಟಿಗೆಯಲ್ಲಿ ನೀರನ್ನೂ ಎಣ್ಣೆಯನ್ನೂ ಇಡುವಂತಿರಲಿಲ್ಲ. ಆದರೆ ಬೇಕಾದದ್ದು ಏನೆಂಬುದು ಸ್ಪಷ್ಟವಾಯಿತು: ಗುಂಡು ತೂಗುವುದಕ್ಕೆ ಅಡ್ಡಿಯಾಗದೆ, ತೂಗಿದ್ದನ್ನು ಬೇಗ ಇಂಗಿಸುವ ಏನಾದರೊಂದು.

ಹಳೆಯ ಕರೆಂಟ್ ಮೀಟರುಗಳಲ್ಲಿ ಅಲ್ಯುಮಿನಿಯಂ ತಟ್ಟೆಯೊಂದು ಮೆಲ್ಲಗೆ ತಿರುಗುತ್ತಿದ್ದುದು ಅನೇಕರಿಗೆ ನೆನಪಿರಬಹುದು. ಆ ತಟ್ಟೆ ಹುಚ್ಚಾಪಟ್ಟೆ ತಿರುಗದಂತೆ ಹಿಡಿಯುತ್ತಿದ್ದುದು ಅದರ ಅಂಚಿನಲ್ಲಿದ್ದ ಅಯಸ್ಕಾಂತ. ಅಯಸ್ಕಾಂತಕ್ಕೂ ಅಲ್ಯುಮಿನಿಯಮ್ಮಿಗೂ ಆಕರ್ಷಣೆಯಿಲ್ಲ, ಆದರೆ ಒಂದರ ಬಳಿ ಇನ್ನೊಂದು ಚಲಿಸಿದರೆ ಲೋಹದೊಳಗೆ ಸುಳಿ ವಿದ್ಯುತ್ ಹುಟ್ಟಿ, ಚಲನೆಗೆ ಎದುರಾಗಿ ತಡೆಯುತ್ತದೆ. ಚಲನೆ ನಿಂತೊಡನೆ ತಡೆಯೂ ಇಲ್ಲವಾಗುತ್ತದೆ. ಗುಂಡಿನ ಚೂಪು ತುದಿಗೆ ಹತ್ತು ಮಿ.ಮೀ. ಅಗಲದ ನಿಯೋಡಿಮಿಯಂ ಅಯಸ್ಕಾಂತವೊಂದನ್ನು ಅಂಟಿಸಿ, ಅದರ ಕೆಳಗೆ ಮೂರು ಮಿ.ಮೀ. ಅಂತರ ಬಿಟ್ಟು ಆರು ಮಿ.ಮೀ. ದಪ್ಪದ ಅಲ್ಯುಮಿನಿಯಂ ತುಂಡೊಂದನ್ನು ಬಿಗಿದೆ. ಬೆರಳಿನಿಂದ ಗುಂಡನ್ನು ಎಳೆದು ಬಿಟ್ಟೆ. ಕಾಣದ ಜೇನಿನಲ್ಲಿ ತೂಗುವಂತೆ ತೂಗಿ, ಐದಾರು ಸೆಕೆಂಡಿನಲ್ಲಿ ನಿಂತಿತು. ಮುಂದಿನ ಚೆಂಡು ಮೇಲೆ ಬರಲು ಹೇಗೂ ಅಷ್ಟು ಹೊತ್ತು ಬೇಕು. ಅಂದಿನಿಂದ ಯಾರೂ ಇನ್ನೊಬ್ಬರ ದಂಡ ತೆತ್ತಿಲ್ಲ.

ಒಂದು ದೂರು ಮಾತ್ರ ಉಳಿದಿತ್ತು, ಅದನ್ನು ಹೇಳುತ್ತಿದ್ದವಳು ಮಗಳು. ಎಡಕ್ಕೆ ತಳ್ಳಿದರೆ ಬೇಗ ಎಚ್ಚರಿಕೆ ಬರುತ್ತದೆ, ಬಲಕ್ಕೆ ತಳ್ಳಿದರೆ ಬರುವುದಿಲ್ಲ ಎಂದು ಅವಳ ವಾದ. ಮೊಬೈಲಿನ ಮಟ್ಟ ನೋಡುವ ಆ್ಯಪ್ ಇಟ್ಟು ನೋಡಿದ್ದೆ, ಎಲ್ಲ ಸರಿಯಾಗಿದೆ ಎಂದು ಅದು ತೋರಿಸಿತ್ತು. ಆದರೂ ಬಲಗಡೆಯ ಸಂದು ಕಣ್ಣಿಗೆ ಕೊಂಚ ಕಿರಿದಾಗಿ ಕಾಣುತ್ತಿದ್ದುದರಿಂದ, ಉಂಗುರದ ಸ್ಕ್ರೂ ಸಡಿಲಿಸಿ ಅದನ್ನು ಬಲಕ್ಕೆ ಸರಿಸಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಕೆಲಸ ಮುಗಿಸಿ ಹೊರಟಿದ್ದ ಮೇಸ್ತ್ರಿಯವರನ್ನು ಕಾಫಿಗೆ ಕರೆದು, ಅವರ ಕಸುಬಿನ ಗುಂಡು ನಮ್ಮ ಮನೆಯಲ್ಲಿ ಏನು ಮಾಡುತ್ತಿದೆ ಎಂದು ತೋರಿಸಿದೆ. ಅವರು ಮಂಡಿಯೂರಿ ಕುಳಿತು, ಒಂದು ಕಣ್ಣು ಮುಚ್ಚಿ, ಪೆಟ್ಟಿಗೆಯ ಮುಂಬಾಗಿಲಿನಿಂದ ಬಹಳ ಹೊತ್ತು ಒಳಗೆ ನೋಡಿದರು. ‘ಉಂಗುರ ಮುಟ್ಬೇಡಿ ಸಾರ್. ಬಲಗಡೆ ಎರಡು ಕಾಲೂ ಎತ್ತಿ’ ಎಂದು, ಚೀಲದಿಂದ ರಸಮಟ್ಟ ತೆಗೆದು ಪೆಟ್ಟಿಗೆಯ ಅಡ್ಡಕ್ಕೆ ಇಟ್ಟರು. ಗುಳ್ಳೆ ಎಡಕ್ಕೆ ಸರಿದು ನಿಂತಿತು. ಮೊಬೈಲಿನ ಬೆನ್ನಿನಲ್ಲಿ ಕ್ಯಾಮೆರಾ ಉಬ್ಬಿರುತ್ತದೆ, ಅದನ್ನು ಹಾಗೇ ಮಲಗಿಸಿ ಅಳೆದವನು ನಾನು. ಸ್ಪ್ಯಾನರ್ ತಂದು ಬಲಗಡೆಯ ಎರಡು ಬೋಲ್ಟ್‌ಗಳನ್ನೂ ಅವರು ಹೇಳಿದಂತೆ ಮೂರು ಮೂರು ಸುತ್ತು ಇಳಿಸಿದೆ. ಪೆಟ್ಟಿಗೆಯ ಬಲಗಡೆ ಸುಮಾರು ಐದು ಮಿ.ಮೀ. ಎದ್ದಿತು, ಗುಂಡು ಉಂಗುರದ ನಟ್ಟನಡುವೆ ಬಂತು. ಮಗಳು ಎಡಕ್ಕೊಮ್ಮೆ ಬಲಕ್ಕೊಮ್ಮೆ ಒಂದೇ ಬಲದಿಂದ ತಳ್ಳಿ ನೋಡಿದಳು. ಎರಡು ಕಡೆಗೂ ಒಂದೊಂದು ಎಚ್ಚರಿಕೆ ಬಂತು. ಮೇಸ್ತ್ರಿಯವರು ಕಾಫಿಯ ಲೋಟ ಕೆಳಗಿಟ್ಟು, ‘ಈಗ ನಾನೊಂದು ಆಟ ಆಡ್ಲಾ ಸಾರ್?’ ಎಂದು ಕೇಳಿದರು.